ನಲವತ್ತೆಂಟನೆಯ ಸರಪಳಿ

ಹಳೆಯ ಹೆದ್ದಾರಿಯಲ್ಲಿ ಈಗ ಕಣ್ಣಿಗೆ ಕಾಣುವಂತೆ ಉಳಿದಿರುವುದು ಮೂರೇ ಮೂರು ತುಣುಕು. ಊರಂಚಿನಲ್ಲಿ ಕಲ್ಲುಕಮಾನಿನ ಒಂದು ದೊಡ್ಡ ಮೋರಿ. ಅಲ್ಲಿಂದ ಅರ್ಧ ಮೈಲಿಗಿಂತ ತುಸು ಮುಂದೆ, ಅದರ ತಮ್ಮನಂತಿರುವ ಚಿಕ್ಕ ಮೋರಿ. ಇವೆರಡರ ನಡುವೆ, ಶಾಲೆಯ ಹಿಂಗೋಡೆಗೆ ಆತುಕೊಂಡಂತೆ ಇನ್ನೂರು ಅಡಿ ಟಾರು. ಆ ಟಾರಿನ ಮೇಲೆ ಮೇಷ್ಟ್ರುಗಳು ಸ್ಕೂಟರ್ ನಿಲ್ಲಿಸುತ್ತಾರೆ. ನಲವತ್ತು ವರ್ಷದ ಹಿಂದೆ ರಸ್ತೆಯನ್ನು ನೆಟ್ಟಗೆ ಮಾಡುತ್ತೇವೆಂದು ಊರಾಚೆಗೆ ಸರಿಸಿದ ಮೇಲೆ ಈ ಹೆದ್ದಾರಿ ಪೆದ್ದ ದಾರಿಯಾಯಿತು. ಬೇಕಾದವರು ಅದರ ಮೇಲೆ ಗೋಡೆ ಎಬ್ಬಿಸಿದರು, ಬಟ್ಟೆ ಒಣಹಾಕಿದರು, ಒಡೆದ ಇಟ್ಟಿಗೆ ತಂದು ಸುರಿದರು. ಅದು ಯಾರನ್ನೂ ಏನೂ ಕೇಳಲಿಲ್ಲ.

ಈ ವರ್ಷ ಅದರ ನೆನಪಾಯಿತು. ಊರಿಗೆ ನೀರು ತರುವ ದೊಡ್ಡ ಪೈಪನ್ನು ಹಳೆಯ ರಸ್ತೆಯ ನೆಲದಲ್ಲೇ ಹೂಳಬೇಕೆಂದು ತೀರ್ಮಾನವಾಯಿತು, ಏಕೆಂದರೆ ಆ ನೆಲ ಇನ್ನೂ ನಮ್ಮ ರಸ್ತೆ ಕಚೇರಿಯ ಹೆಸರಿನಲ್ಲೇ ಇದೆ. ಹಳೆಯ ರಸ್ತೆ ಹೋಗಿದ್ದ ಕಡೆಯಲ್ಲಿ ಏನು ನಿಂತಿದ್ದರೂ ತೆಗೆಯಬೇಕು. ಅದು ಎಲ್ಲಿ ಹೋಗಿತ್ತೆಂದು ಗೆರೆ ಎಳೆದು ತೋರಿಸಬೇಕಾದವನು ನಾನು, ಕಚೇರಿಯ ನಕ್ಷೆಗಾರ. ಮೂಲ ನಕ್ಷೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದದ್ದು ಐವತ್ತೈದು ವರ್ಷದ ಹಿಂದೆ ಬರೆದು ಮುಗಿಸಿದ, ಹಲವು ವರ್ಷಗಳ ಒಂದು ಅಳತೆ ಪುಸ್ತಕ. ದೊಡ್ಡ ಮೋರಿಯಿಂದ ಚಿಕ್ಕ ಮೋರಿಗೆ ಮೂವತ್ತೆರಡು ಸರಪಳಿ. ದೊಡ್ಡ ಮೋರಿಯಿಂದ ತಿರುವಿಗೆ ನಲವತ್ತೆಂಟು ಸರಪಳಿ. ಅಲ್ಲಿಂದ ರಸ್ತೆ ಎಡಕ್ಕೆ. ನಮ್ಮ ಊರಿನ ಬಗ್ಗೆ ಅಷ್ಟೇ ಬರೆದಿತ್ತು. ಆಗ ನೆಲವನ್ನು ಅಳೆಯುತ್ತಿದ್ದದ್ದು ನೂರು ಕೊಂಡಿಯ ಕಬ್ಬಿಣದ ಸರಪಳಿಯಲ್ಲಿ. ಒಂದು ಸರಪಳಿ ಎಂದರೆ ನೂರು ಅಡಿ.

ಟೇಪಿನ ಇನ್ನೊಂದು ತುದಿ ಹಿಡಿಯಲು ಒಂದು ಆಳು ಬೇಕೆಂದು ಸಾಹೇಬರನ್ನು ಕೇಳಿದೆ. ಸಾಹೇಬರು ಎದುರಿನವರ ಮಾತಿನಿಂದ ಒಂದು ಪದ ಹೆಕ್ಕಿ, ಗಂಟಲು ಸರಿಮಾಡಿಕೊಂಡು, ಅದನ್ನೇ ಪ್ರಶ್ನೆ ಮಾಡಿ ಹಿಂದಿರುಗಿಸುವವರು.

"ಆಳು? ಆಳು ಅಂದ್ರೆ ಎಲ್ಲಿಂದ ತರೋಣ ಅಂತೀನಿ. ಈ ಪುಸ್ತಕದ ಅಳತೆ ಮಾಡಿದವರಲ್ಲಿ ಒಬ್ಬರು ಇನ್ನೂ ಇದ್ದಾರಂತಲ್ಲ, ಅವರನ್ನೇ ಕರ್ಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನಕ್ಕೆ ಗೆರೆ ನನ್ನ ಮೇಜಿನ ಮೇಲಿರ್ಬೇಕು."

ಅಂದು ಮಂಗಳವಾರ.

ಹಾಗೆ ನನಗೆ ಜೊತೆಯಾದವರು ಸರಪಳಿ ತಾತ. ವಯಸ್ಸು ಎಂಬತ್ತೊಂದು. ಮೂವತ್ತನಾಲ್ಕು ವರ್ಷ ನಮ್ಮ ಕಚೇರಿಯ ಸರಪಳಿ ಎಳೆದು ನಿವೃತ್ತರಾದವರು. ದೊಡ್ಡ ಮೋರಿಯ ಕಟ್ಟೆಯ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದರು. ನನ್ನ ಉಕ್ಕಿನ ಟೇಪನ್ನು ಕೈಗೆ ತೆಗೆದುಕೊಂಡು, ಹೊಸ ಸೊಸೆಯನ್ನು ನೋಡುವ ಅತ್ತೆಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನ್ ನಕ್ಷೆ, ಇದರಲ್ಲಿ ಅಳೀತೀರೋ ಅಥವಾ ಜೇಬಲ್ಲಿ ಇಟ್ಕೊಂಡು ಓಡಾಡ್ತೀರೋ?"

"ಎರಡೂ ತಾತ."

"ನಮ್ಮ ಕಾಲದಲ್ಲಿ ಹೆಗಲ ಮೇಲೆ ಹೊತ್ರೆ ಅದು ಅಳತೆ. ಇದು ಟೇಪು. ಟೋಪಿ ಹಾಕೋಕೆ ಸರಿ."

ಮೊದಲ ದಿನವೇ ಅವರು ನನಗೆ ಕೆಲಸದ ಕೂಗು ಕಲಿಸಿದರು. ಸರಪಳಿ ಎಳೆಯುವವರು ಇಬ್ಬರು. ಮುಂದಿನವನ ಕೈಯಲ್ಲಿ ಹತ್ತು ಕಬ್ಬಿಣದ ಕಡ್ಡಿ, ಒಂದೊಂದರ ತಲೆಗೂ ಕೆಂಪು ಬಟ್ಟೆಯ ಚೂರು. ಹಿಂದಿನವನು ಸರಪಳಿಯ ತುದಿಯನ್ನು ಗುರುತಿಗೆ ಒತ್ತಿ "ಹಿಡ್ದೆ" ಎನ್ನಬೇಕು. ಮುಂದಿನವನು ಜಗ್ಗಿ ನೆಟ್ಟಗೆ ಮಾಡಿ, ಕಡ್ಡಿ ಚುಚ್ಚಿ "ಹೊಡ್ದೆ" ಎನ್ನಬೇಕು. ಹಿಂದಿನವನು ನಡೆಯುತ್ತಾ ಆ ಕಡ್ಡಿಗಳನ್ನು ಕಿತ್ತುಕೊಂಡು ಬರುತ್ತಾನೆ. ಹತ್ತೂ ಅವನ ಕೈಗೆ ಬಂದರೆ ಹತ್ತು ಸರಪಳಿ ಆಯಿತೆಂದು ಲೆಕ್ಕ. ತಾತ ಯಾವಾಗಲೂ ಹಿಂದಿನವರು. ಅವರ ಮುಂದಿನವ ತೀರಿಕೊಂಡು ಹನ್ನೊಂದು ವರ್ಷ.

"ಯಾವಾಗ್ಲೂ ಮುಂದೆ ಇರ್ತಿದ್ದ. ಅಲ್ಲಿಗೂ ಮುಂದೇ ಹೋದ," ಎಂದರು. ಆಮೇಲೆ ಅವನ ಕೂಗು ಕೂಗಿ ತೋರಿಸಿದರು. ಮೂಗಿನಿಂದ ಹೊರಟು ಕೊನೆಯಲ್ಲಿ ಸ್ವಲ್ಪ ಮೇಲೇರುವ "ಹೊಡ್ದೇಯ್". ಇನ್ನೊಬ್ಬರ ದನಿ ಕೇಳಿದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ನಾನೂ ಕೂಗಿದೆ. ತಾತ ಟೇಪು ಬಿಟ್ಟು ನನ್ನ ಮುಖ ನೋಡಿದರು.

"ಇನ್ನೊಂದ್ಸಲ ಹೇಳು," ಎಂದರು. ಅಲ್ಲಿಂದ ನಾನು ಅವರಿಗೆ ಏಕವಚನವಾದೆ.

ಆದರೆ ಅಳತೆ ಕೂಡಿಬರಲಿಲ್ಲ. ಚಿಕ್ಕ ಮೋರಿ ಪುಸ್ತಕದ ಪ್ರಕಾರ ಮೂರು ಸಾವಿರದ ಇನ್ನೂರು ಅಡಿಗೆ ಸಿಗಬೇಕು. ನನ್ನ ಟೇಪಿನಲ್ಲಿ ಅದು ಮೂರು ಸಾವಿರದ ಇನ್ನೂರ ಹದಿನಾರಕ್ಕೆ ಸಿಕ್ಕಿತು. ಹದಿನಾರು ಅಡಿ ಹೆಚ್ಚು.

"ನಿನ್ನ ಟೇಪು ಸರಿ ಇಲ್ಲ," ಎಂದರು ತಾತ.

ಹಿಂದಕ್ಕೆ ಅಳೆಯುತ್ತ ಹೋದೆವು. ಮುಳ್ಳುಕಂಟಿ ಬೆಳೆದ ಖಾಲಿ ಜಾಗ ದಾಟಿ, ಯಾರದೋ ಮನೆಯ ಪಾತ್ರೆ ತೊಳೆಯುವ ಕಲ್ಲು ಬಳಸಿ, ಶಾಲೆಯ ಹಿಂದೆ ಸ್ಕೂಟರುಗಳ ಸಂದಿಯಲ್ಲಿ ನುಸುಳಿ ದೊಡ್ಡ ಮೋರಿಗೆ ವಾಪಸು. ಮತ್ತೆ ಹದಿನಾರು ಅಡಿ. ನನ್ನ ಎಡ ಮೊಣಕಾಲು ಆ ಹೊತ್ತಿಗೆ ತನ್ನ ಅಹವಾಲು ಹೇಳಲು ಶುರುಮಾಡಿತ್ತು. ತಾತ ಮೋರಿಯ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿ, ಪಾದವನ್ನು ಇನ್ನಾರದ್ದೋ ವಸ್ತುವಿನಂತೆ ಒತ್ತಿಕೊಂಡರು.

"ಅಳತೆ ತಪ್ಪಿದ್ರೆ ನೆಲ ಅಳುತ್ತೆ ಅಂತಿದ್ದ ನಮ್ಮ ಮುಂದಿನವ," ಎಂದರು. "ಮೂವತ್ನಾಲ್ಕು ವರ್ಷ. ಒಂದು ಅಂಕಿ ಕೂಡ ಯಾರೂ ಹೊಡೆದು ಹಾಕಿಲ್ಲ ನಂದು. ಹೋಗಿ ನೋಡು ಬೇಕಾದ್ರೆ, ಗೋಡೆ ಮೇಲಿದೆ."

ಗೋಡೆ ಅವರ ಮಗಳ ಅಂಗಡಿಯದು. ಆಕೆ ಟೈಲರ್, ಐವತ್ತರ ಮೇಲಿನ ಹೆಂಗಸು, ಕುತ್ತಿಗೆಗೆ ಸದಾ ಅಳತೆ ಟೇಪು. ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷದ ಹಿಂದೆ ಆ ಅಂಗಡಿ ಕಟ್ಟಿಸಿದ್ದರು. ಮುಂದೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಹೊಲಿದು ಮುಗಿದ ಶಾಲೆ ಯೂನಿಫಾರ್ಮುಗಳ ಸಾಲು. ಹಿಂದೆ ಅಪ್ಪ ಮಗಳಿಬ್ಬರ ವಾಸಕ್ಕೆ ಒಂದೂವರೆ ಕೋಣೆ. ಜಾಗ ಆರಿಸಿದವರು ತಾತನೇ. ಆಗಿನ್ನೂ ಹಳೆಯ ರಸ್ತೆಯ ಟಾರಿನ ಅಂಚು ಅಲ್ಲಿ ಕಾಣುತ್ತಿತ್ತಂತೆ. ಅಂಚಿನಿಂದ ಎರಡಡಿ ಬಿಟ್ಟು ಪಾಯ ಹಾಕಿಸಿ, "ಇನ್ನು ನಿನ್ನನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ" ಎಂದಿದ್ದರಂತೆ. ಈಗ ಅಂಗಡಿಯ ಪಕ್ಕದಲ್ಲಿ ಟಾರಿನ ಸುಳಿವಿಲ್ಲ, ಯಾರೋ ಅಗೆದು ಒಯ್ದಿದ್ದಾರೆ. ಇಟ್ಟಿಗೆ ಚೂರು ಸುರಿದ ಖಾಲಿ ಜಾಗವಿದೆ.

ಪುಸ್ತಕದ ನಲವತ್ತೆಂಟು ಸರಪಳಿಯನ್ನು ನನ್ನ ಟೇಪಿನಲ್ಲಿ ಅಳೆದರೆ, ನಾಲ್ಕು ಸಾವಿರದ ಎಂಟುನೂರನೆಯ ಅಡಿಯಲ್ಲಿ ಎಡಕ್ಕೆ ತಿರುಗಿದ ರಸ್ತೆ ನೇರ ಆಕೆಯ ಅಂಗಡಿಯೊಳಗೆ ನುಗ್ಗುತ್ತಿತ್ತು. ಬಾಗಿಲಾಚೆ ನಿಂತು ಲೆಕ್ಕ ಹಾಕಿದೆ. ಅದರ ನಡುಗೆರೆ ಹಾದುಹೋಗುತ್ತಿದ್ದದ್ದು ಸರಿಯಾಗಿ ಎರಡನೆಯ ಹೊಲಿಗೆ ಯಂತ್ರದ ಮೇಲೆ.

ಆಕೆ ಯಂತ್ರ ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಮುಗಿಸಿ, ದಾರ ಕಚ್ಚಿ ಹರಿದ ಮೇಲೆ ಕೇಳಿದರು. "ಉಳಿಯುತ್ತಾ?"

"ಪುಸ್ತಕದ ಪ್ರಕಾರ ಇಲ್ಲ ಅಕ್ಕ."

"ಪುಸ್ತಕ ಅಪ್ಪಂದೇ ಅಲ್ವಾ?"

"ಹೌದು."

"ಅಂಗಡಿ ಜಾಗ ತೋರಿಸಿದ್ದೂ ಅಪ್ಪಾನೇ."

ತಾತ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. "ಎರಡೂ ಸರಿ ಇದೆ," ಎಂದರು. "ಪುಸ್ತಕಾನೂ ಸರಿ, ಜಾಗಾನೂ ಸರಿ. ಇವನ ಟೇಪು ಮಾತ್ರ ಸರಿ ಇಲ್ಲ."

ಅವರ ತಲೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಕಚೇರಿಯ ಮುದ್ರೆಯ ಪ್ರಶಂಸಾಪತ್ರ: ದೋಷರಹಿತ ಅಳತೆಗಾಗಿ. ಅದರ ಕೆಳಗೆ ಮೊಳೆಗೆ ತೂಗುಹಾಕಿದ ಗೋಣಿಚೀಲ. ಏನದು ಎಂದು ನಾನು ಕಣ್ಣಲ್ಲೇ ಕೇಳಿದ್ದನ್ನು ಮಗಳು ಗಮನಿಸಿದರು.

"ಸರಪಳಿ. ಆ ಪುಸ್ತಕದ ಅಳತೆ ಮುಗಿದ ವರ್ಷವೇ ಹೊಸದು ಬಂದು ಇದು ಮೂಲೆ ಸೇರಿತ್ತಂತೆ, ನಿವೃತ್ತಿ ದಿನ ಕಚೇರಿಯವರು ಕೊಟ್ಟು ಕಳಿಸಿದ್ರು. ತಿಂಗಳಿಗೊಂದ್ಸಲ ಎಣ್ಣೆ ಹಾಕ್ತಾರೆ. ನನ್ನ ಯಂತ್ರಕ್ಕೆ ಎಣ್ಣೆ ಇಲ್ದಿದ್ರೂ ಅದಕ್ಕಿರತ್ತೆ. ಯಾರೂ ಮುಟ್ಟೋ ಹಾಗಿಲ್ಲ."

ಬುಧವಾರ ಮೂರನೆಯ ಬಾರಿ ಅಳೆದೆವು. ಕಚೇರಿಯಿಂದ ಬೇರೆ ಟೇಪು, ಇನ್ನೂ ಪ್ಯಾಕೆಟ್ಟಿನಲ್ಲಿದ್ದದ್ದು, ತಂದಿದ್ದೆ. ತಾತ ತಾವೇ ಬಿಚ್ಚಿದರು, ತಾವೇ ಓದಿದರು. ಹದಿನಾರು ಅಡಿ. ಟೇಪು ಸುತ್ತಿ ಮುಂದೆ ನಡೆದರು. ಮಾತಿಲ್ಲದೆ ನಡೆಯುವುದು ಕಷ್ಟವಾಗಿ ನಾನು ಸಾಹೇಬರನ್ನು ಮಾಡಿ ತೋರಿಸಿದೆ. ಗಂಟಲು ಸರಿಮಾಡಿಕೊಂಡು, "ಹದಿನಾರು? ಹದಿನಾರು ಅಂದ್ರೆ ಏನಂತೀನಿ. ಹದಿನಾರು ವಯಸ್ಸು ಕೇಳಿದೀನಿ, ಹದಿನಾರು ಅಡಿ ಕೇಳಿಲ್ಲ." ತಾತ ನಕ್ಕರು. ಆ ನಗು ಮೋರಿಯಿಂದ ಶಾಲೆಯ ಗೋಡೆ ಮುಟ್ಟುವವರೆಗೂ ಬಾಳಲಿಲ್ಲ.

ಮಧ್ಯಾಹ್ನ ಅಂಗಡಿಗೆ ಮರಳಿದಾಗ ಮಗಳು ಮೇಜಿನ ಖಾನೆ ತೆಗೆದು, ಕುತ್ತಿಗೆಯ ಟೇಪನ್ನು ಅದರೊಳಗೆ ಎಸೆದು, ಹೊಸದೊಂದನ್ನು ಬಿಚ್ಚುತ್ತಿದ್ದರು. ಖಾನೆಯಲ್ಲಿ ಅಂಥವು ಹತ್ತಾರು ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

"ಇವೆಲ್ಲ ಹರಿದಿವೆಯಾ ಅಕ್ಕ?" ಎಂದೆ.

"ಹರಿದಿಲ್ಲ. ಎಳೆದೂ ಎಳೆದೂ ಉದ್ದ ಆಗಿವೆ. ಅಂಗಿ ಒಬ್ಬರಿಗೂ ಸರಿಯಾಗಿ ಕೂರಲ್ಲ ಆಮೇಲೆ. ಟೇಪು ಮೂವತ್ತಾರು ಅಂತಲೇ ಹೇಳತ್ತೆ, ಎದೆ ಮೂವತ್ತೇಳಿರತ್ತೆ. ನಾನು ವರ್ಷಕ್ಕೊಂದು ಬದಲಾಯಿಸ್ತೀನಿ."

ಹೇಳಿ ಮುಗಿಸಿದ ಮೇಲೆ ಆಕೆಯ ಕೈ ನಿಂತಿತು. ನಾನು ಗೋಣಿಚೀಲ ನೋಡಿದೆ. ಆಕೆಯೂ ನೋಡಿದರು. ಸ್ಟೂಲಿನ ಮೇಲಿದ್ದ ತಾತ ಎದ್ದು, ಯಾರನ್ನೂ ನೋಡದೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ನೂರು ಕೊಂಡಿಗಳನ್ನು ಸಣ್ಣ ಸಣ್ಣ ಬಳೆಗಳು ಜೋಡಿಸಿರುತ್ತವೆ. ವರ್ಷಗಟ್ಟಲೆ ಜಗ್ಗಿದರೆ ಬಳೆಗಳು ಸವೆಯುತ್ತವೆ, ಬಾಯಿ ಬಿಡುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು. ಎಲ್ಲ ಸೇರಿ ಸರಪಳಿ ಅರ್ಧ ಅಡಿ ಬೆಳೆದಿತ್ತೆಂದರೆ, ಅವರು ನೂರಡಿ ಎಂದು ಬರೆದ ಕಡೆಯಲ್ಲೆಲ್ಲ ನಿಜವಾಗಿ ನೂರಡಿ ಆರಿಂಚು ನೆಲವಿತ್ತು. ಮೂವತ್ತೆರಡು ಸರಪಳಿಗೆ ಹದಿನಾರು ಅಡಿ. ನಲವತ್ತೆಂಟಕ್ಕೆ ಇಪ್ಪತ್ತನಾಲ್ಕು. ತಿರುವು ಇಪ್ಪತ್ತನಾಲ್ಕು ಅಡಿ ಮುಂದೆ ಹೋದರೆ ರಸ್ತೆ ಅಂಗಡಿಯಿಂದ ಹೊರಬಿದ್ದು, ಪಕ್ಕದ ಇಟ್ಟಿಗೆ ಚೂರಿನ ಜಾಗದಲ್ಲಿ ಹಾದುಹೋಗುತ್ತದೆ.

ಗುರುವಾರ ಬೆಳಿಗ್ಗೆ ಇದನ್ನು ಸಾಹೇಬರಿಗೆ ಹೇಳಿದೆ. ಅವರು ಅಳತೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಪ್ರತಿ ವರ್ಷದ ಮೊದಲ ಪುಟ ತೆಗೆದು ತೋರಿಸಿದರು. "ಸರಪಳಿ ಪರೀಕ್ಷಿಸಿದೆ. ಸರಿ ಇದೆ." ಕೆಳಗೆ ದುಂಡಗಿನ ಅಕ್ಷರದಲ್ಲಿ ತಾತನ ಸಹಿ. ವರ್ಷ ತಪ್ಪದೆ.

"ಉದ್ದ? ಉದ್ದ ಆಗಿತ್ತು ಅಂದ್ರೆ ಹೇಗಂತೀನಿ. ಸರಿ ಇದೆ ಅಂತ ಅವರೇ ಬರೆದಿದ್ದಾರಲ್ಲ. ಇಲ್ಲ, ಪರೀಕ್ಷೆ ಮಾಡಿರಲಿಲ್ಲ, ಸರಪಳಿ ತಪ್ಪಿತ್ತು ಅಂತ ಅವರೇ ಬರೆದು ಸಹಿ ಹಾಕಲಿ. ಬೇರೆ ಯಾರು ಹೇಳಿದ್ರೂ ನಡೆಯಲ್ಲ. ಇಲ್ದಿದ್ರೆ ಪುಸ್ತಕದಲ್ಲಿ ಇದ್ದ ಹಾಗೆ ಗೆರೆ ಎಳೀರಿ." ಸಾಹೇಬರು ಕೆಟ್ಟವರಲ್ಲ. ಆ ವಾರ ಅವರ ಮೇಜಿನ ಮೇಲೆ ಇಂಥವು ನಲವತ್ತು ಇದ್ದವು. ಕಡತಗಳ ಕಡಿತಕ್ಕೆ ಅವರ ಕಣ್ಣೂ ಕೆಂಪಾಗಿತ್ತು.

ಸರಪಳಿ ಪರೀಕ್ಷಿಸುವ ಕ್ರಮ ನನಗೆ ಗೊತ್ತಿತ್ತು. ಕಚೇರಿಯ ಅಂಗಳದಲ್ಲಿ ಸರಿಯಾಗಿ ನೂರಡಿ ಅಂತರದಲ್ಲಿ ಎರಡು ಕಲ್ಲು ನೆಟ್ಟಿರುತ್ತಾರೆ, ಸರಪಳಿಯನ್ನು ಅವುಗಳ ಮೇಲೆ ಹಾಸಿ ನೋಡಬೇಕು. ಒಂದು ಕಲ್ಲು ಗೇಟಿನ ಹತ್ತಿರ ಈಗಲೂ ಇದೆ. ಕಾವಲುಗಾರ ಅದರ ಮೇಲೆ ಕೂತು ಪೇಪರ್ ಓದುತ್ತಾನೆ. ಅಲ್ಲಿಂದ ನೂರಡಿ ಅಳೆದುಕೊಂಡು ಹೋದೆ. ಟೇಪು ಸೈಕಲ್ ಷೆಡ್ಡಿನ ಗೋಡೆಗೆ ಬಡಿದು ನಿಂತಿತು. ಎರಡನೆಯ ಕಲ್ಲು ಷೆಡ್ಡಿನ ಕಾಂಕ್ರೀಟಿನ ಅಡಿಯಲ್ಲಿತ್ತು. ಬಾಗಿಲ ನೆತ್ತಿಯ ಮೇಲೆ ಷೆಡ್ಡು ಕಟ್ಟಿದ ವರ್ಷ ಬರೆದಿತ್ತು. ನಮ್ಮ ರಸ್ತೆ ಅಳೆದ ವರ್ಷಕ್ಕಿಂತ ಏಳು ವರ್ಷ ಹಿಂದಿನದು.

ಏಳು ವರ್ಷ, ಇಲ್ಲದ ಕಲ್ಲಿನ ಮೇಲೆ ಸರಪಳಿ ಹಾಸಿ, ಸರಿ ಇದೆ ಎಂದು ತಾತ ಸಹಿ ಹಾಕಿದ್ದರು.

ಅಂಗಡಿಗೆ ಹೋದಾಗ ಮಗಳು ಬಾಗಿಲಲ್ಲೇ ತಡೆದರು. ಒಳಗೆ ಬಟ್ಟೆಗಳನ್ನು ಗಂಟು ಕಟ್ಟಿ ಇಟ್ಟಿದ್ದು ಕಂಡಿತು. ಒಂದು ಯಂತ್ರಕ್ಕೆ ಚಾದರ ಹೊದಿಸಿ ಹಗ್ಗ ಬಿಗಿದಿತ್ತು.

"ಸಹಿ ಕೇಳೋಕೆ ಬಂದ್ರಾ?"

"ಹೌದಕ್ಕ. ಒಂದೇ ಸಹಿ."

"ಕೇಳ್ಬೇಡಿ. ಅವರ ಹತ್ರ ಬೇರೆ ಏನೂ ಇಲ್ಲ. ಅಂಗಡಿ ಇನ್ನೊಂದು ಕಡೆ ಹಾಕ್ಕೋಬಹುದು." ಮೆಲ್ಲಗೆ, "ಎಲ್ಲಿ ಅಂತ ಗೊತ್ತಿಲ್ಲ. ಈ ವಯಸ್ಸಲ್ಲಿ ಹೊಸ ಗಿರಾಕಿ ಹುಡುಕೋದು... ಇರ್ಲಿ ಬಿಡಿ. ನೀವು ಕೇಳ್ಬೇಡಿ," ಎಂದರು.

ಕೇಳಬೇಕಾಗಿ ಬರಲಿಲ್ಲ. ತಾತ ಹಿಂದಿನಿಂದ ಬಂದು ನಿಂತಿದ್ದರು.

"ಏನು ಸಹಿ?"

ಸುಳ್ಳು ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಸೈಕಲ್ ಷೆಡ್ಡಿನ ಸಂಗತಿ ಹೇಳಿದೆ. ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೇಳಿಸಿಕೊಂಡರು.

"ಹೊಸ ಕಲ್ಲು ನೆಡಿಸಿ ಅಂತ ಕೇಳಿದ್ದೆ," ಎಂದರು ಕೊನೆಗೆ. "ಆಗಿನ ಸಾಹೇಬರು, ಕಾಗದ ಬರಿ ಅಂದ್ರು. ಬರೆದೆ. ಉತ್ತರ ಬರೋವರೆಗೆ ಸಹಿ ಹಾಕ್ತಿರು ಅಂದ್ರು. ಹಾಕಿದೆ."

"ಉತ್ತರ ಬಂತಾ ತಾತ?"

"ಬಂದಿದ್ರೆ ನೀನು ಇವತ್ತು ಇಲ್ಲಿ ಯಾಕೆ ನಿಂತಿರ್ತಿದ್ದೆ?"

"ಹಾಗಾದ್ರೆ ಅದನ್ನೇ ಬರೆದು ಕೊಡಿ. ನಿಮ್ಮ ತಪ್ಪು ಏನೂ..."

"ಸರಪಳಿ ತಪ್ಪಿರಲಿಲ್ಲ." ದನಿ ಏರಲಿಲ್ಲ, ಗಟ್ಟಿಯಾಯಿತು. "ಪರೀಕ್ಷೆ ಮಾಡಿಲ್ಲ, ಸರಿ. ಆದ್ರೆ ಸರಪಳಿ ತಪ್ಪಿರಲಿಲ್ಲ. ಐವತ್ತೈದು ವರ್ಷ ಆದ್ಮೇಲೆ ಬಂದು ನನ್ನ ತಲೆಗೇ ಟೋಪಿ ಹೊಲೀತೀಯಾ? ಅದೂ ನನ್ನ ಮಗಳ ಅಂಗಡೀಲಿ ನಿಂತ್ಕೊಂಡು?"

"ಒಂದ್ಸಲ ಅಳೆದು ನೋಡೋಣ ತಾತ. ಚೀಲದಲ್ಲೇ ಇದೆಯಲ್ಲ."

"ಮುಟ್ಟು ನೋಡೋಣ."

ನಾನು ಮುಟ್ಟಲಿಲ್ಲ. ಮಗಳು ನನ್ನನ್ನು ರಸ್ತೆಯವರೆಗೆ ಕಳಿಸಿ ಬಂದರು. ಮನೆಗೆ ಹೋಗಿ ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತ ಕೂತೆ. ಹೆಂಡತಿ "ಏನು, ಇವತ್ತು ಯಾರ ದನಿಯೂ ಇಲ್ಲ?" ಎಂದಳು. ದಿನಾ ಸಂಜೆ ಕಚೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ಮನೆಗೆ ಕರೆತರುವುದು ನನ್ನ ಅಭ್ಯಾಸ. "ಎಲ್ಲರೂ ರಜೆ," ಎಂದೆ.

ಶುಕ್ರವಾರ ಬೆಳಿಗ್ಗೆ, ಗೆರೆ ಎಳೆಯುವ ಮುಂಚೆ, ಬಿಟ್ಟುಹೋದ ಒಂದು ಗೂಟ ತರಲು ದೊಡ್ಡ ಮೋರಿಗೆ ಹೋದೆ. ತಾತ ಕಟ್ಟೆಯ ಮೇಲೆ ಕೂತಿದ್ದರು. ಕಾಲ ಬಳಿ ಗೋಣಿಚೀಲ.

"ಇಷ್ಟೊತ್ತಾ ಬರೋದು?" ಎಂದರು. "ಬಿಸಿಲು ಏರತ್ತೆ."

ಚೀಲವನ್ನು ತಾವೇ ಬಿಚ್ಚಿದರು. ಎಣ್ಣೆ ಕುಡಿದು ಕರಿದಾದ ಸರಪಳಿ, ಎರಡು ತುದಿಗೂ ಹಿತ್ತಾಳೆಯ ಹಿಡಿ, ಹಿಡಿಯ ಮೇಲೆ ಕಚೇರಿಯ ನಂಬರು. ಮಡಿಕೆ ಹಿಡಿದು, ತೋಳು ಬೀಸಿ ಒಮ್ಮೆ ಎಸೆದರು. ಎಂಬತ್ತೊಂದರ ತೋಳು, ಸರಪಳಿ ಅರ್ಧ ದೂರ ಹೋಗಿ ಮುದ್ದೆಯಾಗಿ ಬಿತ್ತು. ಉಳಿದ ಅರ್ಧವನ್ನು ನಾನು ನೆಟ್ಟಗೆ ಮಾಡಿದೆ. ಪಕ್ಕದಲ್ಲಿ ನನ್ನ ಟೇಪು ಹಾಸಿದೆ.

"ಓದು."

"ನೂರಡಿ ಆರಿಂಚು."

ಅವರು ಬಂದು, ಮಂಡಿ ಊರಿ, ಕನ್ನಡಕ ಏರಿಸಿ ನೋಡಿದರು. ಹಿಂದಿನ ತುದಿ ಜಾರಿರಬಹುದೆಂದು ಅಲ್ಲಿಗೆ ಹೋಗಿ ನೋಡಿದರು. ಮತ್ತೆ ಈ ತುದಿಗೆ ಬಂದರು. ಹಾಗೆ ಮೂರು ಸಲ. ಮೂರನೆಯ ಸಲ ಎದ್ದೇಳಲು ನನ್ನ ಭುಜ ಬೇಕಾಯಿತು.

"ಅರ್ಧ ಅಡಿ," ಎಂದರು. ನಾನು ಕಾಗದ ತೆಗೆಯಲು ನನ್ನ ಬಗಲ ಚೀಲಕ್ಕೆ ಕೈ ಹಾಕಿದೆ.

"ಕಾಗದ ಆಮೇಲೆ. ಮೊದಲು ಎಳೆಯೋಣ. ಪೂರ್ತಿ."

"ನಲವತ್ತೆಂಟೂ? ತಾತ, ಲೆಕ್ಕ ಸಿಕ್ಕಾಯ್ತಲ್ಲ."

"ಸರಪಳಿ ಉದ್ದ ಇತ್ತು ಅಂತ ಗೊತ್ತಾಯ್ತು. ನಾನು ಸರಿಯಾಗಿ ಎಳೆದಿದ್ನೋ ಇಲ್ವೋ ಗೊತ್ತಾಗೋದು ಬೇಡ್ವಾ?"

ಗೋಣಿಚೀಲದಲ್ಲಿ ಕಡ್ಡಿಗಳು ಒಂಬತ್ತೇ ಇದ್ದವು. ಹತ್ತನೆಯದು ಎಷ್ಟೋ ವರ್ಷದಿಂದ ಅಂಗಡಿಯ ಹಿಂಬಾಗಿಲಿಗೆ ಅಗುಳಿಯಾಗಿತ್ತಂತೆ. ಅದರ ಬದಲು ನನ್ನ ಪೆನ್ಸಿಲನ್ನು ಒಂದು ಕಡ್ಡಿ ಎಂದು ಒಪ್ಪಿಕೊಂಡರು. ತಲೆಗೆ ಕೆಂಪು ಬಟ್ಟೆ ಕಟ್ಟಿಸಿಯೇ ಒಪ್ಪಿಕೊಂಡದ್ದು.

ಅವರು ಮೋರಿಯ ಮೂಲೆಗಲ್ಲಿಗೆ ಹಿಡಿ ಒತ್ತಿ ಕೂತರು. "ಹಿಡ್ದೆ."

ನಾನು ಜಗ್ಗಿ, ಕಡ್ಡಿ ಚುಚ್ಚಿ, ನನ್ನ ದನಿಯಲ್ಲಿ "ಹೊಡ್ದೆ" ಎಂದೆ. ಸರಪಳಿ ಅಲುಗಲಿಲ್ಲ. ತಿರುಗಿ ನೋಡಿದರೆ ತಾತ ಏಳದೆ ಕೂತೇ ಇದ್ದರು. ಆಗ ಮೂಗಿನಿಂದ, ಕೊನೆಯಲ್ಲಿ ಸ್ವಲ್ಪ ಏರಿಸಿ, "ಹೊಡ್ದೇಯ್" ಎಂದೆ. ಅವರು ಎದ್ದರು.

ಹಾಗೆ ಹೋದೆವು. ಸರಪಳಿ ಕಂಟಿಗೆ ಸಿಕ್ಕುತ್ತಿತ್ತು, ಬಿಡಿಸುತ್ತಿದ್ದೆ. ಶಾಲೆಯ ಹಿಂದೆ ಮೇಷ್ಟ್ರೊಬ್ಬರು ಸ್ಕೂಟರ್ ತೆಗೆದು ದಾರಿ ಕೊಟ್ಟರು. ಪಾತ್ರೆ ತೊಳೆಯುತ್ತಿದ್ದ ಹೆಂಗಸು "ಇದೇನು, ಆನೆ ಕಟ್ಟೋಕಾ?" ಎಂದು ಕೇಳಿದಳು, "ಇಲ್ಲಮ್ಮ, ತಪ್ಪಿಸ್ಕೊಂಡ ರಸ್ತೇನ ಕಟ್ಟೋಕೆ," ಎಂದೆ. ಪ್ರತಿ ಹತ್ತಕ್ಕೆ ತಾತ ಕಡ್ಡಿಗಳನ್ನು ನನ್ನ ಅಂಗೈಗೆ ಒಂದೊಂದಾಗಿ ಎಣಿಸಿ ಹಾಕಿದರು. ಪ್ರತಿ ಐದಕ್ಕೆ ಕೂತು ಉಸಿರು ತೆಗೆದುಕೊಂಡರು. ನನಗೂ ಅದೇ ಬೇಕಾಗಿತ್ತು, ಅವರ ಹೆಸರಿನಲ್ಲಿ ನಾನೂ ಕೂತೆ.

ಮೂವತ್ತೆರಡನೆಯ ಸರಪಳಿ ಬಿಗಿದಾಗ ನನ್ನ ಕೈಯ ಹಿತ್ತಾಳೆ ಹಿಡಿ ಚಿಕ್ಕ ಮೋರಿಯ ಮೂಲೆಗಲ್ಲಿಗೆ ಟಣ್ಣೆಂದು ತಾಗಿತು. ಒಂದು ಬೆರಳು ಹಿಂದಿಲ್ಲ, ಒಂದು ಬೆರಳು ಮುಂದಿಲ್ಲ. ನಾನು ಕೂಗುವುದನ್ನು ಮರೆತೆ. ಕೂಗದಿದ್ದರೂ ಆ ಸದ್ದು ಅವರಿಗೆ ಕೇಳಿಸಿತ್ತು. ನೂರಡಿ ಆರಿಂಚು ದೂರದಲ್ಲಿ, ಕಂಟಿಯ ಪಕ್ಕ, ತಾತ ಟವೆಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ನಲವತ್ತೆಂಟನೆಯದು ಇಟ್ಟಿಗೆ ಚೂರಿನ ಜಾಗದಲ್ಲಿ ಬಿತ್ತು. ಮಗಳು ಬಾಗಿಲಿಗೆ ಬಂದು ನಿಂತಿದ್ದರು. ಅಂಗಡಿಯ ಗೋಡೆಯ ಸಾಲಿನಿಂದ ಕಡ್ಡಿಗೆ ಟೇಪು ಹಿಡಿದೆ: ಹನ್ನೆರಡು ಅಡಿ. ಹಳೆಯ ರಸ್ತೆಯ ಅಗಲ ಇಪ್ಪತ್ತು. ಕಡ್ಡಿ ಅದರ ನಡುಗೆರೆಯಲ್ಲಿದೆ, ಅರ್ಧ ಎಂದರೆ ಹತ್ತು. ಮಿಕ್ಕಿದ್ದು ಎರಡು.

"ಎರಡಡಿ ಬಿಟ್ಟಿದ್ದೆ ಅಂತ ಹೇಳಿದ್ನಲ್ಲ," ಎಂದರು ತಾತ ಮಗಳಿಗೆ, ಬೈಯುವವರಂತೆ. ಆಕೆ ತಲೆಯಾಡಿಸಿ ಒಳಗೆ ಹೋದರು. ಯಂತ್ರಕ್ಕೆ ಕಟ್ಟಿದ್ದ ಹಗ್ಗವನ್ನು ಕತ್ತರಿಯಿಂದ ಕತ್ತರಿಸಿದ ಸದ್ದು ಕೇಳಿಸಿತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹಾಸಿಕೊಂಡು ತಾತ ತಾವೇ ಬರೆದರು. ಆಗಿನ ಸಾಹೇಬರ ಮಾತನ್ನೂ ಬರೆಯಿರಿ ಎಂದೆ. "ಅವರೂ ಇಲ್ಲ, ನಮ್ಮ ಮುಂದಿನವನೂ ಇಲ್ಲ. ಸಹಿ ಹಾಕಿದ ಕೈ ಇದೊಂದೇ ಇರೋದು," ಎಂದರು. ಏಳು ವರ್ಷ ಸರಪಳಿಯನ್ನು ಪರೀಕ್ಷಿಸದೆ ಸರಿ ಇದೆ ಎಂದು ಬರೆದಿದ್ದೇನೆ. ಸರಪಳಿ ಅರ್ಧ ಅಡಿ ಉದ್ದವಿತ್ತು. ಎರಡೇ ಸಾಲು. ಕೆಳಗೆ ಅದೇ ದುಂಡಗಿನ ಸಹಿ. ಆಮೇಲೆ ಗೋಡೆಯ ಚೌಕಟ್ಟನ್ನು ಇಳಿಸಿ ನನ್ನ ಕಡೆ ಚಾಚಿದರು.

"ಇದನ್ನೂ ಕಚೇರಿಗೆ ವಾಪಸು ಕೊಡು."

"ಇದರ ಬಗ್ಗೆ ಸಾಹೇಬರು ಏನೂ ಕೇಳಿಲ್ಲ ತಾತ."

"ಅವರು ಕೇಳಿಲ್ಲ. ನಾನು ಹೇಳ್ತಿದ್ದೀನಿ."

ತೆಗೆದುಕೊಂಡೆ. ಗೋಡೆಯಲ್ಲಿ ಅದಿದ್ದ ಜಾಗ ಸುತ್ತಲಿಗಿಂತ ಬೆಳ್ಳಗಿತ್ತು. ಮಗಳು ಒಂದು ಕ್ಷಣ ಅದನ್ನು ನೋಡಿ, ಕುತ್ತಿಗೆಯ ಹೊಸ ಟೇಪನ್ನು ತೆಗೆದು ಆ ಮೊಳೆಗೆ ತೂಗುಹಾಕಿದರು.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ನನ್ನ ಗೆರೆಯ ಮೇಲೆ ಬೆರಳಾಡಿಸಿ, ಒಪ್ಪಿಗೆ ಬರೆದು, ಸಹಿ ಹಾಕಿದರು. ಆಮೇಲೆ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. ಅಳತೆ ಪುಸ್ತಕವನ್ನು ಮೆಲ್ಲಗೆ ಮಗುಚುತ್ತ ಹೋದರು, ಕೊನೆಯ ಪುಟದವರೆಗೆ.

"ಅರ್ಧ ಅಡಿ? ಅರ್ಧ ಅಡಿ ಅಂದ್ರೆ ಈ ಪುಸ್ತಕದಲ್ಲಿರೋ ಅಷ್ಟೂ ರಸ್ತೇದಾಯ್ತಲ್ಲ ಅಂತೀನಿ." ಹಣೆ ಉಜ್ಜಿಕೊಂಡರು. "ಹನ್ನೊಂದು ಮೈಲಿ. ಸೋಮವಾರದಿಂದ ಮತ್ತೆ ಶುರುಮಾಡಿ."

"ಆಳು ಸಾರ್?"

ಅವರು ನಾನು ತಂದ ಚೌಕಟ್ಟನ್ನು ಖಾನೆಯೊಳಗೆ ಇಡಲು ಹೋಗಿ, ಇಡಲಾಗದೆ, ಬೀರುವಿನ ಮೇಲಿಟ್ಟರು.

ಸಂಜೆ ಒಪ್ಪಿಗೆಯ ಪ್ರತಿಯನ್ನು ಕೊಡಲು ಅಂಗಡಿಗೆ ಹೋದೆ. ಎರಡು ಯಂತ್ರಗಳೂ ಮೊದಲಿನ ಜಾಗದಲ್ಲಿದ್ದವು. ತಾತ ಸ್ಟೂಲಿನ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದರು, ಬಾಯಿ ತುಸು ತೆರೆದಿತ್ತು. ಸರಪಳಿ ಚೀಲದೊಳಗೆ ಹೋಗಿರಲಿಲ್ಲ, ಕಾಲ ಬಳಿ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಅದರ ಹಿತ್ತಾಳೆ ಹಿಡಿಗೆ, ಅಂಗಿಗಳಿಗೆ ಗಿರಾಕಿಯ ಗುರುತು ಕಟ್ಟುವಂಥ ಬಿಳಿ ಬಟ್ಟೆಯ ಚೀಟಿ ಹೊಲಿದಿತ್ತು. ಚೀಟಿಯ ಮೇಲೆ ದುಂಡಗೆ ಬರೆದಿತ್ತು: ನೂರಡಿ ಆರಿಂಚು.

"ಸೋಮವಾರ ಎಷ್ಟು ಗಂಟೆಗೆ ಅಂತ ಕೇಳಿ ಇಡು ಅಂದಿದ್ದಾರೆ," ಎಂದರು ಮಗಳು, ತಗ್ಗಿದ ದನಿಯಲ್ಲಿ. "ಮುಂದಿನ ಹತ್ತು ಮೈಲಿಯಲ್ಲೂ ಯಾರದಾದರೂ ಗೋಡೆ ಇರತ್ತಂತೆ. ನಾನು ಹೋಗ್ಬೇಡಿ ಅಂದೆ. ಕೇಳೋ ಜನ ಅಲ್ಲ."

ಹನ್ನೊಂದು ಮೈಲಿಯ ಮಾತು ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಅವರು ಅದನ್ನು ಮೊದಲೇ ಲೆಕ್ಕ ಹಾಕಿದ್ದರು.

"ಬೇಗ ಅನ್ನಿ," ಎಂದೆ. "ಬಿಸಿಲು ಏರೋ ಮುಂಚೆ."

ಹೊರಗೆ, ಇಟ್ಟಿಗೆ ಚೂರುಗಳ ನಡುವೆ, ನಲವತ್ತೆಂಟನೆಯ ಕಡ್ಡಿ ಚುಚ್ಚಿದಲ್ಲೇ ನಿಂತಿತ್ತು. ಕಿತ್ತುಕೊಳ್ಳಲು ಬಗ್ಗಿದೆ. ಮೊಣಕಾಲು ಬೇಡ ಎಂದಿತು. ಸೋಮವಾರಕ್ಕೆ ಕಡ್ಡಿ ಎಂಟೇ ಆಗುತ್ತವೆ. ಇನ್ನೊಂದು ಪೆನ್ಸಿಲ್ ತಂದರಾಯಿತೆಂದು ಅದನ್ನು ಅಲ್ಲೇ ಬಿಟ್ಟು, ಕುಂಟುತ್ತ ಮನೆಯ ಕಡೆ ಹೊರಟೆ.